ಕಾರಿಗೊಂದು ಕೊಟ್ಟಿಗೆ

ಮೂಡಿಗೆರೆ ಕಡೆಯ ತೋಟದಲ್ಲಿದ್ದಾಗ ನಮ್ಮ ಜೀಪು ಕಾಫಿ ಕಣದ ಪಕ್ಕದಲ್ಲಿ ನಿಲ್ಲುತ್ತಿತ್ತು. ಮಕ್ಕಳ ಓದಿಗೆಂದು ಚಿಕ್ಕಮಗಳೂರಿನ ಬಸವನಹಳ್ಳಿಗೆ ಬಂದ ಮೇಲೆ ಅದನ್ನೆಲ್ಲಿ ನಿಲ್ಲಿಸುವುದೆಂಬುದೇ ಮನೆಯ ಜಗಳವಾಯಿತು. ತಿಂಗಳ ಬಾಡಿಗೆಗೆ ಜಾಗ ಹುಡುಕಿದೆ. ಶೆಡ್ಡಿದ್ದವರೆಲ್ಲ ಅದನ್ನು ಅಂಗಡಿಗೆ ಕೊಟ್ಟು, ತಮ್ಮ ಕಾರನ್ನು ಬೀದಿಗೆ ಬಿಟ್ಟಿದ್ದರು! "ರಸ್ತೆ ಇಲ್ವೇನಮ್ಮಾ, ದುಡ್ಡು ಯಾಕೆ ಕೊಡ್ತೀರಿ?" ಎಂದು ಒಬ್ಬರು ನಕ್ಕರು.

ನನ್ನ ತಕರಾರು ಆ ನಗುವಿನ ಮೇಲೆ. ಹಸುವನ್ನು ಇನ್ನೊಬ್ಬರ ಬಾಗಿಲಿಗೆ ಕಟ್ಟಿದರೆ ಬೀದಿಯೆಲ್ಲ ಸೇರುತ್ತದೆ. ಕಾರು ನಿಲ್ಲಿಸಿದರೆ ಅದು ಅಂತಸ್ತು. ನಾನು ನೀರು ಚಿಮುಕಿಸಿ ರಂಗೋಲಿ ಇಡುವ ಜಾಗದಲ್ಲಿ ಯಾರದೋ ಟೈರು. ಅತ್ತೆಯವರಿಗೆ ಎದೆನೋವು ಬಂದ ರಾತ್ರಿ ಆಟೋ ಗೇಟಿನ ತನಕ ಬರಲಾಗದೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ತಿರುವಿನವರೆಗೆ ಹೊತ್ತೆವು. ಅವರು ಉಳಿದದ್ದು ನಮ್ಮ ಪುಣ್ಯ.

ಇದೆಲ್ಲ ಕಾಲಧರ್ಮ ಎನ್ನುವವರಿದ್ದಾರೆ. ಜಪಾನಿನ ಪಟ್ಟಣಗಳಲ್ಲಿ 1962ರ ಕಾನೂನಿನಂತೆ, ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗವಿದೆಯೆಂದು ತೋರಿಸಿದರೇ ಕಾರು ನೋಂದಣಿಯಾಗುವುದು. ಅಲ್ಲೇನು ಕಾಲ ನಿಂತುಹೋಗಿದೆಯೇ? ಬೆಂಗಳೂರಿಗೆಂದು 2021ರಲ್ಲಿ ಸರಕಾರ ಒಪ್ಪಿದ ಪಾರ್ಕಿಂಗ್ ನೀತಿಯೂ ಮನೆಯೆದುರಿನ ಬೀದಿಯಲ್ಲಿ ಕಾರು ಬಿಡುವವರಿಗೆ ವಾರ್ಷಿಕ ಶುಲ್ಕ ಹೇಳಿತು.

ಬೀದಿ ಬಿಟ್ಟಿಯಾಗಿರುವ ತನಕ ಬಾಡಿಗೆಗೆ ಜಾಗ ಮಾಡುವವರು ಯಾರು? ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಬೆಳೆಯುತ್ತದೆ, ಅಷ್ಟೆ. ನಗರಸಭೆ ಬೀದಿಗೂ ಬೆಲೆ ಕಟ್ಟಲಿ, ಮೊದಲು ನಮ್ಮ ಜೀಪಿನಿಂದಲೇ ವಸೂಲು ಮಾಡಲಿ. ಅದೂ ಈಗ ಬೀದಿಯಲ್ಲೇ ಇದೆ. ಹೀಗೆಂದದ್ದಕ್ಕೆ ಯಜಮಾನರು ಎರಡು ದಿನ ಮಾತು ಬಿಟ್ಟಿದ್ದರು.