ಮೇಯುವ ಕಾಲ, ಬೆಳೆಯುವ ಕಾಲ

ಇಂಗ್ಲೆಂಡಿನ ಉತ್ತರಭಾಗದಲ್ಲಿ ಪೆನೈನ್ ಎಂಬ ಬೆಟ್ಟಗಳ ಸಾಲಿದೆ. ಅದರ ಕಣಿವೆಗಳಲ್ಲೊಂದಾದ ಸ್ವೇಲ್‌ಡೇಲಿನಲ್ಲಿ ಕಲ್ಲುಗೋಡೆಗಳ ನಡುವೆ ಒಣಹುಲ್ಲಿಗೆಂದೇ ಮೀಸಲಾದ ಹುಲ್ಲುಗಾವಲುಗಳಿವೆ. ಅಲ್ಲಿಯ ಚಳಿಗಾಲ ದೀರ್ಘವಾದುದು. ಆಗ ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲೇ ದನಗಳಿಗೆ ಆಧಾರ. ಹಾಗಿದ್ದರೂ ಆ ಕಣಿವೆಯ ರೈತರು ತಲೆತಲಾಂತರದಿಂದ ಈ ಗಾವಲುಗಳಿಗೆ ಕುರಿದನಗಳನ್ನು ಬಿಡುತ್ತ ಬಂದಿದ್ದಾರೆ. ಕೊಯ್ಯಬೇಕಾದ ಹುಲ್ಲನ್ನು ಮೇಯಿಸಿಬಿಟ್ಟರೆ ನಷ್ಟವಲ್ಲವೇ? ನಷ್ಟವಿರುವುದು ಮೇಯಿಸುವುದರಲ್ಲಲ್ಲ, ಕಾಲ ತಪ್ಪಿ ಮೇಯಿಸುವುದರಲ್ಲಿ.

ವಸಂತದ ಆರಂಭದಲ್ಲಿ ಮರಿ ಹಾಕಿದ ಕುರಿಗಳು ಗಾವಲಿನ ಎಳೆಹುಲ್ಲನ್ನು ಮೇಯುತ್ತವೆ. ಮೇ ತಿಂಗಳು ಬಂದಾಗ ಅವನ್ನು ಬೆಟ್ಟಕ್ಕೆ ಅಟ್ಟಿ ಗಾವಲಿನ ಬಾಗಿಲನ್ನು ಮುಚ್ಚುತ್ತಾರೆ. ಜುಲೈನಲ್ಲಿ ಕೊಯ್ಲು. ಆ ಬಳಿಕ ಮತ್ತೆ ಚಿಗುರಿದ ಹುಲ್ಲು ಶರತ್ಕಾಲದಲ್ಲಿ ಕುರಿದನಗಳ ಪಾಲಾಗುತ್ತದೆ. ವಸಂತದಲ್ಲಿ ಮೇಯಿಸುವುದರಿಂದ ಬಿರುಸಾಗಿ ಬೆಳೆಯುವ ಹುಲ್ಲುಗಳ ಸೊಕ್ಕು ಮುರಿದು, ಅವುಗಳ ನೆರಳಿನಲ್ಲಿ ಸೊರಗುವ ಸಣ್ಣ ಹೂಗಿಡಗಳಿಗೆ ಬೆಳಕು ದೊರೆಯುತ್ತದೆ. ಶರತ್ಕಾಲದಲ್ಲಿ ದನದ ಗೊರಸು ನೆಲವನ್ನು ಅಲ್ಲಲ್ಲಿ ಕೆದಕಿ, ಉದುರಿದ ಬೀಜ ಮೊಳೆಯಲು ಎಡೆ ಮಾಡಿಕೊಡುತ್ತದೆ. ಆದರೆ ಮೇ ಕಳೆಯುವವರೆಗೂ ಕುರಿಗಳನ್ನು ಬಿಟ್ಟರೆ ತೆನೆ ತಳೆಯಬೇಕಾದ ಕುಡಿಗಳೇ ಅವುಗಳ ಬಾಯಿಗೆ ಬಿದ್ದು ಜುಲೈನ ಕೊಯ್ಲು ಕುಗ್ಗುತ್ತದೆ. ನೆನೆದ ನೆಲವನ್ನು ದನ ತುಳಿದರೆ ಮಣ್ಣು ಅದುಮಿ ಬೇರಿಗೆ ಗಾಳಿ ಸಾಲದಾಗುತ್ತದೆ.

ಮಣ್ಣಿನ ಸಾರದ ವಿಚಾರ ಇದಕ್ಕಿಂತ ಗಹನವಾದುದು. ಒಂದು ಟನ್ ಒಣಹುಲ್ಲನ್ನು ಸಾಗಿಸಿದಾಗ ಅದರೊಡನೆ ಸುಮಾರು 15 ಕಿಲೋಗ್ರಾಂ ಪೊಟ್ಯಾಸಿಯಂ ಹೊಲವನ್ನು ಬಿಟ್ಟು ಹೋಗುತ್ತದೆ. ಸಾರಜನಕ, ರಂಜಕಗಳೂ ಹೋಗುತ್ತವೆ. ಮೇಯುವ ಪ್ರಾಣಿಯಾದರೋ ತಾನು ತಿಂದ ಸಾರದ ಹೆಚ್ಚಿನ ಪಾಲನ್ನು ಅಲ್ಲಿಯೇ ಮರಳಿಸುತ್ತದೆ. ಪೊಟ್ಯಾಸಿಯಂ ಬಹುಮಟ್ಟಿಗೆ ಮೂತ್ರದಲ್ಲಿಯೂ ರಂಜಕ ಸಗಣಿಯಲ್ಲಿಯೂ ನೆಲ ಸೇರುತ್ತವೆ. ಕೊಯ್ಲಾದ ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸಿಕೊಂಡು ಕುರಿಗಾರನಿಗೆ ಕಾಳು ಅಳೆದುಕೊಡುವ ನಮ್ಮ ಬಯಲುಸೀಮೆಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಪ್ರಾಣಿಗಳು ಹೊಸ ಸಾರವನ್ನು ಸೃಷ್ಟಿಸುವುದಿಲ್ಲ. ಇದ್ದುದನ್ನೇ ಮರಳಿಸುತ್ತವೆ, ಅದನ್ನೂ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆಯಾಗಿ. ಆದುದರಿಂದಲೇ ಸ್ವೇಲ್‌ಡೇಲಿನವರು ಹುಲ್ಲನ್ನು ದೂರಕ್ಕೆ ಒಯ್ಯಲಿಲ್ಲ. ಗಾವಲಿನಲ್ಲಿಯೇ ಕಲ್ಲಿನ ಕೊಟ್ಟಿಗೆ ಕಟ್ಟಿ, ಮೇಲೆ ಹುಲ್ಲನ್ನು ಒಟ್ಟಿ, ಕೆಳಗೆ ದನಗಳನ್ನು ಕಟ್ಟಿದರು. ಚಳಿಗಾಲದ ಗೊಬ್ಬರ ಹುಲ್ಲು ಬೆಳೆದ ನೆಲಕ್ಕೇ ಹೋಯಿತು.

ಎರಡನೆಯ ಮಹಾಯುದ್ಧದ ಅನಂತರ ರಾಸಾಯನಿಕ ಗೊಬ್ಬರ ಅಗ್ಗವಾಯಿತು. ಗೊಬ್ಬರ ಹಾಕಿ ಬೇಗ ಬೇಗ ಕೊಯ್ದರೆ ಮೇವಿನ ತೂಕ ಹೆಚ್ಚುವುದು ನಿಜ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ. ಆದರೆ ಗೊಬ್ಬರವುಂಡ ಹುಲ್ಲು ಇತರ ಸಸ್ಯಗಳನ್ನು ಅಡಗಿಸಿತು. ಉಳುಮೆಯೂ ಸೇರಿ, 1930ರ ದಶಕದಿಂದ 1984ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಸ್ಯಸಮೃದ್ಧವಾದ ತಗ್ಗುಪ್ರದೇಶದ ಹುಲ್ಲುಗಾವಲುಗಳಲ್ಲಿ ಸುಮಾರು ನೂರಕ್ಕೆ 97 ಪಾಲು ಅಳಿದುಹೋಯಿತು. ಇಂಗಲ್‌ಬರೊ ಬೆಟ್ಟದ ಬಳಿಯ ಕೋಲ್ಟ್ ಪಾರ್ಕ್‌ನಲ್ಲಿ 1990ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ರಾಸಾಯನಿಕ ಗೊಬ್ಬರವಿಲ್ಲದೆ, ವಸಂತದಲ್ಲಿ ಕುರಿಗಳನ್ನೂ ಶರತ್ಕಾಲದಲ್ಲಿ ದನಗಳನ್ನೂ ಮೇಯಿಸಿ, ಜುಲೈ 21ರಂದು ಕೊಯ್ದ ತುಂಡುಗಳಲ್ಲಿಯೇ ಸಸ್ಯವೈವಿಧ್ಯ ಹೆಚ್ಚಾಗಿ ಉಳಿದಿತ್ತು. ಹಳಬರ ಪಂಚಾಂಗಕ್ಕೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ.

ಹಾಗೆಂದು ಹೂವಿನ ಚೆಲುವಿಗಾಗಿ ಮೇವಿನ ನಷ್ಟವನ್ನು ರೈತನೊಬ್ಬನೇ ಹೊರಲಿ ಎನ್ನುವುದು ನ್ಯಾಯವಲ್ಲ. 1987ರಲ್ಲಿ ಬ್ರಿಟನ್ನಿನ ಸರ್ಕಾರ ಪೆನೈನ್ ಕಣಿವೆಗಳನ್ನು ವಿಶೇಷ ಪರಿಸರ ಪ್ರದೇಶವೆಂದು ಸಾರಿ, ಹಳೆಯ ಕ್ರಮವನ್ನು ಪಾಲಿಸಿದ ರೈತರಿಗೆ ಹಣ ಕೊಡತೊಡಗಿತು. ಗಾವಲಿನ ಒಡೆಯನಿಗೆ ಅದು ದಾನವಲ್ಲ, ಕೂಲಿ.