ತುಕ್ಕು ಹಿಡಿದವುಗಳ ಸೊಬಗು

ನಮ್ಮ ಜನ ಹಳೆಯದನ್ನು ಗೌರವಿಸುವವರೆಂದು ಹೇಳುವ ವಾಡಿಕೆಯೇನೋ ಉಂಟು. ಆದರೆ ಹಳೆಯದು ಹಳೆಯದಾಗಿಯೇ ಕಾಣುವುದನ್ನು ನಾವು ಎಂದೂ ಮನಸಾರೆ ಒಪ್ಪಿದವರಲ್ಲ. ಯುಗಾದಿ ಹತ್ತಿರವಾಯಿತೆಂದರೆ ಗೋಡೆಗೆ ಸುಣ್ಣ ಬೀಳಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಬಚ್ಚಲಿನ ಹಂಡೆ ಹುಣಸೆಹಣ್ಣಿನ ಹುಳಿಯಲ್ಲಿ ಮಿಂದು ಕೆಂಪಗೆ ಹೊಳೆಯಬೇಕು. ಆಯುಧಪೂಜೆಯ ದಿನ ಕುಡುಗೋಲು ಮೊದಲ್ಗೊಂಡು ಲಾರಿಯವರೆಗೆ ಸಮಸ್ತವೂ ಮೈ ತೊಳೆಸಿಕೊಂಡು, ಕುಂಕುಮವಿಡಿಸಿಕೊಂಡು ನಿಲ್ಲಬೇಕು. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು. ಒಡೆದ ಕನ್ನಡಿಯಲ್ಲಿ ಮುಖ ನೋಡಬಾರದು. ಶಿಥಿಲವಾದ ಗುಡಿಯನ್ನು ಕಂಡವನಿಗೆ ಮೊದಲು ಹೊಳೆಯತಕ್ಕದ್ದು ಜೀರ್ಣೋದ್ಧಾರದ ಯೋಚನೆ. ಇಂತಹ ಸಂಸ್ಕಾರದ ನಡುವೆ ಬೆಳೆದವನೊಬ್ಬನು ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡು, ತುಕ್ಕು ತಿಂದ ಗೇಟೊಂದರ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಅದರ ತಿರುಗಣಿಯನ್ನೇ ದಿಟ್ಟಿಸುತ್ತಿದ್ದರೆ, ಹಾದಿಯಲ್ಲಿ ಹೋಗುವವರು ನಿಂತು, "ಅದರಲ್ಲೇನಿದೆ ಸ್ವಾಮಿ, ಫೋಟೋ ತೆಗೆಯೋಕೆ?" ಎಂದು ಕೇಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಪ್ರಶ್ನೆ ನ್ಯಾಯವಾದದ್ದೇ. ಕಲೆಯೆಂಬ ಒಂದು ಮಾತನ್ನು ಅಡ್ಡ ಹಿಡಿದು ಅದರಿಂದ ತಪ್ಪಿಸಿಕೊಳ್ಳುವವರೇ ಹೆಚ್ಚಾದ್ದರಿಂದ, ಅದಕ್ಕೆ ತಕ್ಕ ಉತ್ತರ ಇನ್ನೂ ಯಾರಿಂದಲೂ ಸಂದಾಯವಾಗಿಲ್ಲವೆಂದು ನನಗೆ ತೋರುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಜೀರ್ಣವಾದ ವಸ್ತುವಿನಲ್ಲಿ ಸೌಂದರ್ಯವಿದೆ ಎಂಬುದರಲ್ಲಿ ಸಂಶಯವಿಲ್ಲ. ಅದು ಜೀರ್ಣತೆಯೊಂದರಿಂದಲೇ ಬಂದುದು ಎಂಬುದರಲ್ಲಿ ಮಾತ್ರ ಸಂಶಯವಿದೆ. ಯಾರೂ ಬಳಸದೆ ಉಗ್ರಾಣದಲ್ಲಿ ಬಿದ್ದು ತುಕ್ಕು ಹಿಡಿದ ಕಬ್ಬಿಣದ ಸರಳೂ, ಮೂರು ತಲೆಮಾರಿನವರು ಹಿಡಿದೆಳೆದ ಬಾಗಿಲ ಚಿಲಕವೂ ರಾಸಾಯನಿಕವಾಗಿ ಒಂದೇ ವ್ಯಾಧಿಗೆ ತುತ್ತಾದವುಗಳಷ್ಟೆ. ಆದರೂ ಎರಡನೆಯದರ ಮುಂದೆ ಕಣ್ಣು ನಿಲ್ಲುತ್ತದೆ. ಬೆರಳು ತಾಗುತ್ತಿದ್ದ ಕಡೆ ಅದು ಸವೆದು ನಯವಾಗಿದೆ, ತಾಗದ ಸಂದಿನಲ್ಲಿ ಕಂದುಬಣ್ಣದ ಹುಡಿ ಕೂಡಿದೆ. ಮನುಷ್ಯನ ಕೈಯೊಂದು ಕಡೆ, ಮಳೆಗಾಳಿಯೊಂದು ಕಡೆ, ಹೀಗೆ ಪರಸ್ಪರ ಪರಿಚಯವಿಲ್ಲದ ಇಬ್ಬರು ಕೆಲಸಗಾರರು ಒಂದೇ ವಸ್ತುವಿನ ಮೇಲೆ ವರ್ಷಾನುಗಟ್ಟಲೆ ದುಡಿದ ಗುರುತು ಅಲ್ಲಿದೆ. ಆ ಸಹಕಾರ್ಯವೇ ಚಿತ್ರಗಾರನು ಹಿಡಿಯಬೇಕಾದ ವಸ್ತು. ಅದನ್ನು ಬಿಟ್ಟು ಬಣ್ಣಕ್ಕೆ ಮಾತ್ರ ಮರುಳಾದವನು ಅರ್ಧ ಚಿತ್ರವನ್ನು ತೆಗೆದಂತಾಯಿತು.

ಬಣ್ಣದ ಮೋಹವೂ ಅಕಾರಣವಾದುದಲ್ಲವೆನ್ನಿ. ಕಬ್ಬಿಣಕ್ಕೆ ನೀರೂ ಗಾಳಿಯ ಆಮ್ಲಜನಕವೂ ಒಟ್ಟಿಗೆ ತಗುಲಿದಾಗ ಹುಟ್ಟುವ ತುಕ್ಕು ತಾನು ತಿಂದ ಲೋಹಕ್ಕಿಂತ ಬಹಳ ಹೆಚ್ಚು ಜಾಗವನ್ನು ಆಕ್ರಮಿಸತಕ್ಕ ಪದಾರ್ಥವಾದ್ದರಿಂದ, ಮೇಲಿನ ಬಣ್ಣದ ಪದರವನ್ನು ಒಳಗಿನಿಂದಲೇ ಎತ್ತಿ, ಸುಟ್ಟ ಹಪ್ಪಳದ ಹಾಗೆ ಉಬ್ಬಿಸಿ ಒಡೆಯುತ್ತದೆ. ತಾಮ್ರದ ಸ್ವಭಾವ ಬೇರೆ. ಅದರ ಮೇಲೆ ಕೂಡುವ ಹಸುರು ಪೊರೆ ಒಳಗಿನ ಲೋಹಕ್ಕೆ ಒಂದು ಬಗೆಯ ಕವಚವಾಗಿ ನಿಲ್ಲುತ್ತದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಅದರ ತುಕ್ಕು ಸಡಿಲವಾಗಿ ಉದುರುತ್ತಾ ಒಳಗಿನದಕ್ಕೆ ದಾರಿ ಮಾಡಿಕೊಡುತ್ತದೆ. ಸಮುದ್ರದ ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಕಿಟಕಿಯ ಸರಳು ಬೇಗನೆ ಸಣ್ಣಗಾಗುವುದೂ, ಬಳ್ಳಾರಿಯ ಒಣ ಬಿಸಿಲಿನಲ್ಲಿ ಅಂಥದೇ ಸರಳು ದೀರ್ಘಕಾಲ ಗಟ್ಟಿಯಾಗಿ ನಿಲ್ಲುವುದೂ ಗಾಳಿಯಲ್ಲಿರುವ ತೇವ, ಉಪ್ಪುಗಳ ಹೆಚ್ಚುಕಡಿಮೆಯಿಂದ. ಇದನ್ನು ಬಲ್ಲ ಚಿತ್ರಗಾರನಿಗೆ ತುಕ್ಕಿನ ಪ್ರತಿಯೊಂದು ಚಕ್ಕೆಯೂ ಆ ಊರಿನ ಹವೆಯ ಸಾಕ್ಷಿಯಾಗಿ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಅವನು ನಡುಹಗಲನ್ನು ನಂಬಬಾರದು. ನೆತ್ತಿಯ ಬಿಸಿಲು ಉಬ್ಬುತಗ್ಗುಗಳನ್ನು ನುಂಗಿ, ತುಕ್ಕನ್ನು ಬರಿಯ ಕೊಳೆಯನ್ನಾಗಿ ತೋರಿಸುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಾಗ ಒಂದೊಂದು ಚಕ್ಕೆಗೂ ತನ್ನದೇ ನೆರಳು ಒದಗುತ್ತದೆ. ಮಳೆ ನಿಂತು ಮೋಡ ಇನ್ನೂ ಕವಿದಿರುವ ಹೊತ್ತಿನಲ್ಲಿ, ಒದ್ದೆಯಾದ ತುಕ್ಕು ತನ್ನ ಕೆಂಪನ್ನೆಲ್ಲ ಹೊರಗೆಡಹುತ್ತದೆ. ಕ್ಯಾಮರಾವನ್ನು ಅದರ ಪಾಡಿಗೆ ಬಿಟ್ಟರೆ, ಚೌಕಟ್ಟಿನ ತುಂಬ ಇರುವ ಕಿತ್ತಳೆಬಣ್ಣವನ್ನು ಅದು ಬೆಳಕಿನ ದೋಷವೆಂದು ತಿಳಿದು ತಾನಾಗಿಯೇ ತಿದ್ದಿ, ಚಿತ್ರವನ್ನು ಬೂದಿಬಣ್ಣಕ್ಕೆ ತಿರುಗಿಸುವುದೂ ಉಂಟು. ಯಂತ್ರಕ್ಕೂ ನಮ್ಮ ಹಬ್ಬದ ಬುದ್ಧಿಯೇ ಇದೆ. ಅದೂ ತಿಕ್ಕಿ ತೊಳೆಯುವ ಜಾತಿ.

ಸಣ್ಣ ಊರುಗಳ ಪೇಟೆಬೀದಿಯಲ್ಲಿ, ಫ್ಲೆಕ್ಸ್ ಬರುವುದಕ್ಕೆ ಮುಂಚಿನ ತಗಡಿನ ಬೋರ್ಡುಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಕೈಯಿಂದ ಬರೆದ ಅಂತಹ ಜವಳಿ ಅಂಗಡಿಯ ಬೋರ್ಡೊಂದನ್ನು ಸಾವಧಾನವಾಗಿ ನೋಡುವ ಅವಕಾಶ ನನಗೆ ಒದಗಿತ್ತು. ಕೆಂಪು ಬಣ್ಣ ಬಿಸಿಲಿಗೆ ಬೇಗ ಸೋಲತಕ್ಕದ್ದು, ನೀಲಿ ಹೆಚ್ಚು ಕಾಲ ತಾಳತಕ್ಕದ್ದು. ಆದಕಾರಣ ಅಂಗಡಿಯ ಹೆಸರನ್ನು ಬರೆದಿದ್ದ ಕೆಂಪು ಅಕ್ಷರಗಳು ಬಹುಮಟ್ಟಿಗೆ ಮಾಸಿಹೋಗಿ, ಅವುಗಳಿಗೆ ಉಬ್ಬು ಕಾಣಿಸಲೆಂದು ಪಕ್ಕದಲ್ಲಿ ಎಳೆದಿದ್ದ ನೀಲಿ ನೆರಳುಗಳು ಮಾತ್ರ ಉಳಿದಿದ್ದುವು. ಆ ನೆರಳುಗಳಿಂದಲೇ ಹೆಸರನ್ನು ಓದಿಕೊಳ್ಳಬೇಕು. ಇನ್ನೂ ಹತ್ತಿರ ಹೋದರೆ, ಅಕ್ಷರಗಳ ಮೇಲೂ ಕೆಳಗೂ ಪೆನ್ಸಿಲಿನಿಂದ ಎಳೆದ ಸಣ್ಣ ಗೆರೆಗಳು, ಬಣ್ಣ ಮಾಯವಾದ ಮೇಲೆ, ತಲೆಯೆತ್ತಿದ್ದುವು. ಒತ್ತಕ್ಷರಕ್ಕೆ ಜಾಗ ಸಾಲದೆಂದು ಕಂಡ ಬರಹಗಾರನು ಕೆಳಗಿನ ಗೆರೆಯನ್ನು ಅಳಿಸಿ, ಕೊಂಚ ಮೇಲಕ್ಕೆ ಸರಿಸಿ, ಮತ್ತೆ ಎಳೆದಿದ್ದ. ಬೋರ್ಡು ಹೊಸದಾಗಿದ್ದಾಗ ಅಂಗಡಿಯ ಯಜಮಾನನಿಗೂ ಕಾಣದೆ ಇದ್ದ ಆ ತಿದ್ದುಪಡಿ, ಬೋರ್ಡು ಹಾಳಾದ ಮೇಲೆ ದಾರಿಹೋಕನ ಕಣ್ಣಿಗೆ ಬಿತ್ತು. ಸವಕಲು ವಸ್ತುಗಳ ಚಿತ್ರವನ್ನು ತೆಗೆಯುವುದರಿಂದ ಆಗುವ ಪ್ರಯೋಜನವೇನೆಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ: ಹೊಸತನವು ಮುಚ್ಚಿಟ್ಟಿದ್ದ ಕೆಲಸಗಾರನನ್ನು ಹಳೆತನವು ಬಿಟ್ಟುಕೊಡುತ್ತದೆ.

ಈ ಪ್ರಯೋಜನ ಸಣ್ಣದೆಂದು ಯಾರಿಗಾದರೂ ತೋರಿದರೆ ಅವರು ಹಂಪೆಯನ್ನು ನೆನೆಯಬಹುದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಭಾರಿ ಗಾತ್ರದ ಕ್ಯಾಮರಾವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಪಾಳುಬಿದ್ದ ರಾಜಧಾನಿಯ ಚಿತ್ರಗಳನ್ನು ತೆಗೆದನು. ಆತನ ಚಿತ್ರಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು, ಶಿಥಿಲವಾಗಿದ್ದರೂ, ಸ್ಪಷ್ಟವಾಗಿ ನಿಂತಿದೆ. ಇಂದು ನಾವು ನೋಟಿನ ಮೇಲೆ ಕಾಣುವ ರಥಕ್ಕೆ ಆ ಶಿಖರವಿಲ್ಲ. ಅದನ್ನು ಆಮೇಲೆ ತೆಗೆದುಹಾಕಲಾಯಿತು. ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನು 1980ರ ದಶಕದಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದಾಗ, ಈ ಸುಮಾರು ನೂರಮೂವತ್ತು ವರ್ಷಗಳಲ್ಲಿ ಏನೇನು ಕುಸಿಯಿತು, ಏನೇನನ್ನು ನಾವೇ ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಕಳೆದೆವು ಎಂಬುದು ಪಕ್ಕಪಕ್ಕದಲ್ಲಿ ಕಣ್ಣಿಗೆ ಬೀಳುವಂತಾಯಿತು. ಹಾಳನ್ನು ಹಾಳಾಗಿಯೇ ಚಿತ್ರಿಸಿದವನೊಬ್ಬನಿದ್ದುದರಿಂದ ತಾನೆ ರಥದ ಪೂರ್ಣರೂಪ ಇಂದು ನಮಗೆ ತಿಳಿದಿರುವುದು?

ಪ್ಯಾರಿಸ್ಸಿನ ಯೂಜೀನ್ ಅಟ್ಜೆಯ ಸಂಗತಿಯೂ ಇದಕ್ಕೆ ಹತ್ತಿರವಾದುದೇ. 1927ರಲ್ಲಿ ತೀರಿಕೊಂಡ ಆತನು, ಹೊಸ ರಸ್ತೆಗಳಿಗಾಗಿ ಹಳೆಯ ಪ್ಯಾರಿಸ್ ಕರಗುತ್ತಿದ್ದ ಕಾಲದಲ್ಲಿ, ಮೂರು ದಶಕಗಳ ಪರ್ಯಂತ, ಮರದ ಕ್ಯಾಮರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಅಲೆದು, ಬಾಗಿಲು ತಟ್ಟುವ ಬಳೆಗಳು, ಮೆಟ್ಟಿಲ ಕಟಕಟೆಗಳು, ಅಂಗಡಿಯ ಫಲಕಗಳು, ಸವೆದ ಅಂಗಳಗಳು, ಇವುಗಳ ಚಿತ್ರಗಳನ್ನು ತೆಗೆದು ಗ್ರಂಥಭಂಡಾರಗಳಿಗೂ ಚಿತ್ರಕಾರರಿಗೂ ಮಾರಿ ಜೀವನ ಮಾಡಿದನು. ತಾನು ಕಲಾವಿದನೆಂದು ಆತ ಹೇಳಿಕೊಳ್ಳಲಿಲ್ಲ. ಮಾರುವ ಸರಕಿಗೆ ದಾಖಲೆಯೆಂದೇ ಹೆಸರಿಟ್ಟಿದ್ದನು. ಆತನ ಮರಣಾನಂತರ ಬೆರೆನಿಸ್ ಆ್ಯಬಟ್ ಎಂಬ ಅಮೆರಿಕದ ಛಾಯಾಗ್ರಾಹಕಿ ಆ ಫಲಕಗಳಲ್ಲಿ ಬಹುಭಾಗವನ್ನು ಕೊಂಡು ಕಾಪಾಡಿದ್ದರಿಂದ ಲೋಕಕ್ಕೆ ಆತನ ಯೋಗ್ಯತೆ ತಿಳಿಯಿತು. ದಾಖಲೆಯನ್ನು ಪ್ರಾಮಾಣಿಕವಾಗಿ ಮಾಡಿದವನಿಗೆ ಸೌಂದರ್ಯ ತಾನಾಗಿ ಒಲಿದುಬಂದದ್ದು ಇಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮ ನಾಡಿನಲ್ಲಿ ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿಪರೀತವಾದುದು. ಹಾಸನದ ಸಮೀಪದ ಶೆಟ್ಟಿಹಳ್ಳಿಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯ ಕಮಾನುಗಳು ಹೇಮಾವತಿ ಜಲಾಶಯದ ನೀರಿನಲ್ಲಿ ವರ್ಷಕ್ಕೊಮ್ಮೆ ಮುಳುಗುತ್ತಾ, ಬೇಸಗೆಯಲ್ಲಿ ಮತ್ತೆ ಹೊರಗೆ ಬರುತ್ತಾ ನಿಂತಿವೆ. ಅದರ ಮುಂದೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ನೆಲಕ್ಕೆ ಎಳೆಯುವ ನಿಲುವಂಗಿಯ ವಧುವೂ, ಕಪ್ಪು ಕನ್ನಡಕದ ವರನೂ, ಹೊಗೆಯುಗುಳುವ ಬಣ್ಣದ ಕಡ್ಡಿಗಳ ಸಮೇತ ಬರುತ್ತಾರೆ. ಬರಲಿ, ಸಂತೋಷದ ಜೋಡಿಯನ್ನು ಕಂಡು ಸಿಡುಕುವಷ್ಟು ನಾನು ಇನ್ನೂ ಜೀರ್ಣನಾಗಿಲ್ಲ. ಆದರೆ ಆ ಇಗರ್ಜಿ ಹಾಗೆ ಒಂಟಿಯಾಗಿ ನಿಂತಿರುವುದು ಅದರ ಸುತ್ತಲಿದ್ದ ಊರು ಅಣೆಕಟ್ಟಿನ ದೆಸೆಯಿಂದ ಎದ್ದುಹೋದುದರಿಂದ ಎಂಬ ಮಾತು, ಅಲ್ಲಿ ತೆಗೆದ ಸಹಸ್ರಾರು ಚಿತ್ರಗಳಲ್ಲಿ ಎಷ್ಟರಲ್ಲಿ ಸುಳಿದೀತು?

ಕೋಲಾರದ ಚಿನ್ನದ ಗಣಿಗಳ ವಿಷಯದಲ್ಲಿ ಈ ಮರೆವು ಇನ್ನೂ ತೀಕ್ಷ್ಣವಾದುದು. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕೈಹಾಕಿದ ಈ ಗಣಿಗಳಿಗೆ ಶಿವನಸಮುದ್ರದಿಂದ ವಿದ್ಯುತ್ತು ಹರಿದದ್ದು 1902ರಲ್ಲಿ. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು ಪ್ರಪಂಚದ ಅತ್ಯಂತ ಆಳದ ಗಣಿಗಳ ಪೈಕಿ ಒಂದೆನಿಸಿತು. 2001ರ ಫೆಬ್ರವರಿ 28ರಂದು ಎಲ್ಲವೂ ಮುಚ್ಚಿತು. ಅಂದಿನಿಂದ, ಗಣಿಯ ಬಾಯಿಯ ಮೇಲೆ ನಿಂತ ಹೆಡ್‌ಗೇರುಗಳೆಂಬ ಉಕ್ಕಿನ ಗೋಪುರಗಳು ಮಳೆಬಿಸಿಲಿಗೆ ಒಡ್ಡಿಕೊಂಡು ಕೆಂಪೇರುತ್ತಿವೆ. ಅವುಗಳ ತಲೆಯ ಮೇಲಿನ ಗಾಲಿಯನ್ನು ಉದ್ದದ ಲೆನ್ಸಿನಲ್ಲಿ ಹತ್ತಿರಕ್ಕೆ ತಂದುಕೊಂಡು ನೋಡಬೇಕು: ಉಕ್ಕಿನ ಹಗ್ಗ ಹರಿಯುತ್ತಿದ್ದ ಅಂಚಿನ ಕಾಲುವೆ, ಗಣಿ ನಡೆಯುತ್ತಿದ್ದಾಗ ಎಡೆಬಿಡದ ಉಜ್ಜಾಟದಿಂದ ಕನ್ನಡಿಯಂತೆ ಹೊಳೆಯುತ್ತಿದ್ದಿರಬೇಕಾದ್ದು, ಈಗ ಗಾಲಿಯ ಉಳಿದ ಭಾಗದಷ್ಟೇ ಕೆಂಪಾಗಿದೆ. ಆ ಹಗ್ಗದ ತುದಿಯ ಪಂಜರದಲ್ಲಿ ನಿಂತು, ಪಾಳಿಯ ಮೇಲೆ ಪಾಳಿ, ಬಂಡೆಯ ಬಿಸಿಯೊಳಕ್ಕೆ ಇಳಿದವರು ಬಹುತೇಕ ತಮಿಳು ನಾಡಿನಿಂದಲೂ ತೆಲುಗು ಸೀಮೆಯಿಂದಲೂ ಬಂದ ಬಡವರು. ಒತ್ತಡ ತಾಳದೆ ಬಂಡೆ ತಾನಾಗಿ ಸಿಡಿದು ಪ್ರಾಣ ತೆಗೆಯುವುದೂ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕುಳಿತು ಮೆಲ್ಲಮೆಲ್ಲನೆ ಕೊಲ್ಲುವುದೂ ಅವರಿಗೆ ಪರಿಚಿತವಾದ ಎರಡು ಮರಣಗಳು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದೂ ಲೈನುಗಳೆಂದು ಕರೆಯುವ ಸಾಲುಮನೆಗಳಲ್ಲಿದ್ದು, ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೂ ನೌಕರಿಗೂ ಹೋಗಿಬರುತ್ತಾರೆ. ಗಾಳಿ ಎದ್ದಾಗ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯನ್ನು ಸುರಿದ ಸೈನೈಡ್ ದಿಬ್ಬಗಳ ಧೂಳು ಅವರ ಮನೆಗಳ ಮೇಲೆಯೇ ಬೀಳುತ್ತದೆ.

ಅಲ್ಲಿಗೆ ಹೋದ ಛಾಯಾಗ್ರಾಹಕರು ತರುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಜನರೇ ಇರುವುದಿಲ್ಲ. ಕೆಂಪು ಗೋಪುರ, ಬಿಳಿಯ ದಿಬ್ಬ, ಮೇಲೆ ಒಂದು ಕಾರ್ಮೋಡ. ನೋಡಿದವರಿಗೆ ಇದು ಯಾವುದೋ ನಿರ್ಜನ ಗ್ರಹವೆಂಬ ಭ್ರಮೆ. ಜನರಿರುವ ಊರನ್ನು ಜನರಿಲ್ಲದ ಹಾಳೂರಾಗಿ ತೋರಿಸುವುದು ಸೌಂದರ್ಯದೃಷ್ಟಿಯ ಹೆಸರಿನಲ್ಲಿ ಮಾಡಿದರೂ ಸುಳ್ಳೇ. ಪಾಳುಗಳ ಚಿತ್ರವನ್ನು ತೆಗೆಯುವುದೇ ನಿರ್ದಯವಾದ ಹವ್ಯಾಸವೆಂದು ಕೆಲವರು ಆಕ್ಷೇಪಿಸುತ್ತಾರೆ. ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಗೋಪುರದ ಪಕ್ಕದ ಲೈನಿನಲ್ಲಿ ಬಟ್ಟೆ ಒಣಹಾಕುತ್ತಿರುವವಳನ್ನು, ಆಕೆಯ ಒಪ್ಪಿಗೆ ಪಡೆದು, ಚೌಕಟ್ಟಿನೊಳಗೆ ಬಿಟ್ಟುಕೊಂಡರೆ ತುಕ್ಕಿನ ಬಣ್ಣವೇನೂ ಕಡಿಮೆಯಾಗುವುದಿಲ್ಲ; ಆ ಗೋಪುರ ಯಾರಿಗಾಗಿ ನಿಂತಿತ್ತು ಎಂಬುದು ಮಾತ್ರ ಹೆಚ್ಚಾಗಿ ತಿಳಿಯುತ್ತದೆ.

ಇನ್ನೊಂದು ಬಗೆಯ ಸುಳ್ಳು ಈಚೆಗೆ ಬಹಳ ಸುಲಭವಾಗಿದೆ. 1970ರ ದಶಕದ ಬಣ್ಣದ ಫೋಟೋಗಳಿರುವ ಆಲ್ಬಮ್ಮನ್ನು ಬಿಚ್ಚಿ ನೋಡಿದವರಿಗೆ ಅವುಗಳಲ್ಲಿ ಅನೇಕ ಚಿತ್ರಗಳು ಒಂದು ಬಗೆಯ ಕೆಂಪಿಗೆ ತಿರುಗಿರುವುದು ಗೊತ್ತಿದೆ. ಕಾಗದದಲ್ಲಿದ್ದ ಮೂರು ವರ್ಣಗಳಲ್ಲಿ ನೀಲಿಹಸುರು ಎಲ್ಲಕ್ಕಿಂತ ಮೊದಲು ಬಾಡಿದ್ದರ ಫಲವದು. ಅದಕ್ಕೂ ಹಿಂದಿನ ಕಪ್ಪುಬಿಳುಪು ಚಿತ್ರಗಳ ಅಂಚಿನಲ್ಲಿ ಬೆಳ್ಳಿ ಮೇಲೆದ್ದು, ಓರೆಯಾಗಿ ಹಿಡಿದರೆ ಮಿರಮಿರನೆ ಮಿಂಚುತ್ತದೆ. ಮಾಸುವ ವಸ್ತುಗಳನ್ನು ಚಿತ್ರಿಸಿದ ಚಿತ್ರವೂ ಹೀಗೆ ಮಾಸತಕ್ಕ ವಸ್ತುವೇ ಆಗಿತ್ತು. ಈಗಿನ ಮೊಬೈಲಿನಲ್ಲಿ ಈ ಕೆಂಪು, ಈ ಗೀರು, ಈ ಕಲೆ ಎಲ್ಲವನ್ನೂ ನಿನ್ನೆ ತೆಗೆದ ಚಿತ್ರಕ್ಕೆ ಒಂದು ಬೆರಳಿನಿಂದ ಲೇಪಿಸಬಹುದು. ಬಿಸಿಲನ್ನೂ ಮಳೆಯನ್ನೂ ಕಾಣದ ಚಿತ್ರಕ್ಕೆ ವೃದ್ಧಾಪ್ಯದ ವೇಷ ಹಾಕುವುದು, ನಾಟಕದ ಹುಡುಗನಿಗೆ ಹತ್ತಿಯ ಗಡ್ಡ ಅಂಟಿಸುವುದಕ್ಕಿಂತ ಬೇರೆಯಾದ ಕಸುಬೆಂದು ನನಗೆ ಅನ್ನಿಸಿಲ್ಲ. ನಾಟಕದಲ್ಲಾದರೂ ನೋಡುವವರಿಗೆ ಅದು ಗಡ್ಡವಲ್ಲವೆಂದು ಗೊತ್ತಿರುತ್ತದೆ.

ನಮ್ಮ ಊರುಗಳಲ್ಲಿ ನಡೆಯುವ ಛಾಯಾಚಿತ್ರ ಪ್ರದರ್ಶನಗಳಿಗೆ ಹೋದಾಗಲೆಲ್ಲ ತುಕ್ಕಿನ ಚಿತ್ರಗಳ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವೆನು. ಅವುಗಳಲ್ಲಿ ನಿಜವಾಗಿಯೂ ಸೊಗಸಾದವು ಅನೇಕವಿರುತ್ತವೆ. ಆದರೆ ಕೆಳಗೆ ಅಂಟಿಸಿದ ಚೀಟಿಯನ್ನು ಓದಿದರೆ, ಹಲ್ಲು ಸವೆದ ಕಬ್ಬಿನ ಗಾಣಕ್ಕೆ 'ಕಾಲಚಕ್ರ' ಎಂದೂ, ಅಗಳಿ ಮುರಿದ ಬಾಗಿಲಿಗೆ 'ಮೌನ' ಎಂದೂ, ತುಕ್ಕು ಹಿಡಿದ ಸೈಕಲ್ಲಿಗೆ 'ಒಂಟಿ ಪಯಣ' ಎಂದೂ ಬರೆದಿರುತ್ತದೆ. ಗಾಣ ಯಾವ ಊರಿನದು, ಎಂದು ನಿಂತಿತು, ಅದನ್ನು ಎರಕ ಹೊಯ್ದ ಕಾರ್ಖಾನೆಯ ಹೆಸರು ಅದರ ಮೈಮೇಲೆ ಉಬ್ಬಕ್ಷರದಲ್ಲಿ ಇತ್ತೇ ಎಂದು ತೆಗೆದವರನ್ನು ಕೇಳಿದರೆ, ಅವರು ಲೆನ್ಸಿನ ವಿವರವನ್ನು ಹೇಳುತ್ತಾರೆ. ಪ್ರದರ್ಶನದ ವ್ಯವಸ್ಥಾಪಕರು ಪ್ರವೇಶಪತ್ರದಲ್ಲಿ ಶೀರ್ಷಿಕೆಗೆಂದು ಬಿಡುವ ಗೆರೆಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ವಸ್ತು, ಊರು, ವರ್ಷ, ಬಳಸುತ್ತಿದ್ದವರು ಎಂದು ನಾಲ್ಕು ಕಿರಿಯ ಅಂಕಣಗಳನ್ನು ಅಚ್ಚುಮಾಡಿಸಲಿ. ಕೊನೆಯ ಅಂಕಣವನ್ನು ತುಂಬುವುದಕ್ಕಾಗಿ ಛಾಯಾಗ್ರಾಹಕನು ಆ ಊರಿನ ಯಾರನ್ನಾದರೂ ಮಾತನಾಡಿಸಲೇಬೇಕಾಗುತ್ತದೆ.