ತೂತು ಇದ್ದದ್ದು ಅಕ್ಷರದಲ್ಲಲ್ಲ!



'ಜ್ಞಾ' ಎಂದು ಬರೆಯಿರಿ. ಜ್ಞಾನದ ಜ್ಞಾ, ವಿಜ್ಞಾನದ ಜ್ಞಾ. ಒತ್ತಕ್ಷರ ಕಲಿತ ಯಾವ ಮಗುವಾದರೂ ಬರೆಯುತ್ತದೆ. ಇದೇ ಅಕ್ಷರ ನಮ್ಮ ನೆರೆಯ ತೆಲುಗು ಲಿಪಿಯಲ್ಲಿ ಮೂಡಿ, 2018ರ ಫೆಬ್ರುವರಿಯಲ್ಲಿ ದುಬಾರಿ ಐಫೋನುಗಳನ್ನು ನೆಲಕ್ಕೆ ಕೆಡವಿತು!

ಆ ಅಕ್ಷರವಿದ್ದ ಸಂದೇಶ ಬಂದರೆ ಸಾಕು, ಅದನ್ನು ತೋರಿಸಲು ಹೋದ ಆಪ್ ಧೊಪ್ಪನೆ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಮತ್ತೆ ಅದೇ ಕಥೆ. ಪರದೆಯ ಮೇಲೆ ಸೂಚನೆಯಾಗಿ ಮೂಡಿದರಂತೂ ಇಡೀ ಫೋನೇ ತತ್ತರಿಸುತ್ತಿತ್ತು. ಕಿಡಿಗೇಡಿಗಳಿಗೆ ಹಬ್ಬ. ಟ್ವಿಟರಿನಲ್ಲಿ ತಮ್ಮ ಹೆಸರಿಗೇ ಅದನ್ನು ಅಂಟಿಸಿಕೊಂಡು ಮಜಾ ನೋಡಿದರು. ಸುದ್ದಿ ಬರೆದವರು ಅದಕ್ಕೆ ಇಟ್ಟ ಹೆಸರು ಬಾಂಬ್!

ಕುಣಿಯಲಾರದವರಿಗೆ ನೆಲ ಡೊಂಕು. 8 ಕೋಟಿ ಜನರ ತಾಯ್ನುಡಿಯ ಅಕ್ಷರ ಅದು. ಶತಮಾನಗಳಿಂದ ಕಲ್ಲಿನ ಮೇಲೆ ಕೆತ್ತಿದ್ದಾರೆ, ತಾಳೆಗರಿಯ ಮೇಲೆ ಬರೆದಿದ್ದಾರೆ. ಕಲ್ಲು ಒಡೆಯಲಿಲ್ಲ, ಗರಿ ಹರಿಯಲಿಲ್ಲ. ಲಕ್ಷ ರೂಪಾಯಿಯ ಫೋನಿಗೆ ಮಾತ್ರ ಅದನ್ನು ತಾಳಿಕೊಳ್ಳಲು ಆಗಲಿಲ್ಲವೇ?

ಆದದ್ದೇನು, ಸ್ವಲ್ಪ ತಾಳ್ಮೆಯಿಂದ ಕೇಳಿ. ಕಂಪ್ಯೂಟರಿಗೆ ಆ ಅಕ್ಷರ ಐದು ಸಂಕೇತಗಳ ಸಾಲು: ಜ, ಅರ್ಧಾಕ್ಷರದ ಗುರುತು, ಞ, 'ಇಲ್ಲಿ ಕೂಡಬೇಡ' ಎನ್ನುವ ಕಣ್ಣಿಗೆ ಕಾಣದ ಒಂದು ಗುರುತು, ಕೊನೆಗೆ ದೀರ್ಘ. ಕಾಣದ ಆ ಗುರುತು ನಿಮಗೆ ಹೊಸದಲ್ಲ. ನೀವು 'ಸಾಫ್ಟ್‌ವೇರ್' ಎಂದು ಟೈಪ್ ಮಾಡುವಾಗ 'ವೇ' ಹೋಗಿ ಕೆಳಗೆ ಒತ್ತಾಗಿ ಕೂರದಂತೆ ತಡೆಯುವುದು ಅದೇ. ಈ ಸಾಲನ್ನು ಜೋಡಿಸಿ ಪರದೆಗೆ ತರಬೇಕಾದ ಆಪಲ್‌ನ ಕೋರ್‌ಟೆಕ್ಸ್ಟ್ ತಂತ್ರಾಂಶ ಲೆಕ್ಕ ತಪ್ಪಿ ತನ್ನ ಮೆಮೊರಿಯನ್ನೇ ಕೆಡಿಸಿಕೊಂಡಿತು. ಬಂಗಾಳಿ, ದೇವನಾಗರಿಯ ಕೆಲವು ಜೋಡಣೆಗಳಿಗೂ ಇದೇ ಗತಿಯಾಗಿತ್ತು.

'ಅಷ್ಟೇ ತಾನೆ, ಫೋನ್ ನಿಂತುಹೋಯಿತು' ಎನ್ನಬೇಡಿ. ಮೆಮೊರಿ ಕೆಡುವ ದೋಷವೆಂದರೆ ಮನೆಯ ಹಿಂಬಾಗಿಲಿನ ಚಿಲಕ ಸಡಿಲವಾದಂತೆ. ಇಂದು ಗಾಳಿಗೆ ಬಡಿದುಕೊಂಡೀತು. ಚಾಲಾಕಿ ಕಳ್ಳನೊಬ್ಬ ಅದೇ ಬಾಗಿಲಿಂದ ಒಳಗೆ ನುಸುಳಿ ತನ್ನ ಆಜ್ಞೆ ನಡೆಸುವುದೂ ಉಂಟು. ಅದಕ್ಕೇ ಆಪಲ್ ಇದನ್ನು ಭದ್ರತಾ ದೋಷವೆಂದೇ ಒಪ್ಪಿಕೊಂಡು, ಸಿವಿಇ-2018-4124 ಎಂಬ ಸಂಖ್ಯೆಯಡಿ ದಾಖಲಿಸಿತು. ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ, ಫೆಬ್ರುವರಿ 19ರಂದು, ಐಒಎಸ್ 11.2.6 ಎಂಬ ತೇಪೆ ಹಾಕಿತು. ಬೇಗ ಹಾಕಿತು, ಒಪ್ಪೋಣ. ಆದರೆ ಮಾರುವ ಮುಂಚೆ ಯಾಕೆ ಸಿಗಲಿಲ್ಲ?

ಇದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 2015ರಲ್ಲಿ ಅರಬ್ಬಿ ಅಕ್ಷರಗಳಿದ್ದ ಸಂದೇಶವೊಂದು ಐಫೋನುಗಳನ್ನು ಕೆಡವಿತ್ತು. 2020ರ ಏಪ್ರಿಲ್‌ನಲ್ಲಿ ಸಿಂಧಿ ಅಕ್ಷರಗಳ ಸರದಿ. ನಮ್ಮ ಲಿಪಿಗಳ ಜೋಡಣೆ ಇಂಗ್ಲಿಷಿಗಿಂತ ಕಠಿಣ, ನಿಜ. ಕಠಿಣವಾದದ್ದನ್ನು ಹೆಚ್ಚು ಪರೀಕ್ಷಿಸಬೇಕೋ, ಕಡಿಮೆಯೋ? ಎ, ಬಿ, ಸಿ ಕಾರ್ಖಾನೆಯಲ್ಲೇ ಪರೀಕ್ಷೆ ಪಾಸಾಗಿ ಬರುತ್ತವೆ. ನಮ್ಮ ಅಕ್ಷರಗಳ ಪರೀಕ್ಷೆ ನಡೆಯುವುದು ನಮ್ಮ ಜೇಬಿನಲ್ಲಿ, ನಮ್ಮ ದುಡ್ಡಿನಲ್ಲಿ.

ಇನ್ನು ನಮ್ಮದೇ ಸೋಮಾರಿತನದ ಮಾತು. ತೇಪೆ ಬಂದರೂ ಹಾಕಿಕೊಳ್ಳದಿದ್ದರೆ ಏನಾಗುತ್ತದೆ? 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ತೂತಿಗೆ ತೇಪೆ ಬಿಟ್ಟಿತು. ಆ ತೂತಿನ ಗುಟ್ಟು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಬಳಿ ಮೊದಲೇ ಇತ್ತು. ಏಪ್ರಿಲ್‌ನಲ್ಲಿ ಅದು ಬಯಲಾಯಿತು. ಮೇ 12ರಂದು 'ವನ್ನಾಕ್ರೈ' ಅಪ್ಪಳಿಸಿತು. ನಡುವೆ 59 ದಿನ! ಅಷ್ಟೂ ದಿನ 'ಆಮೇಲೆ ನೋಡೋಣ' ಎಂದವರ ಕಡತಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು, ಆಂಧ್ರದ ಪೊಲೀಸರ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗಡಿಬಿಡಿ ನಂತರದ್ದು.

ದೇಶದಲ್ಲಿ ಇಂಥ ತೂತುಗಳ ಎಚ್ಚರಿಕೆ ಹೊರಡಿಸುವ ಸರ್ಕಾರಿ ಸಂಸ್ಥೆ ಸರ್ಟ್-ಇನ್. 2004ರಿಂದ ಕೆಲಸ ಮಾಡುತ್ತಿದೆ, ಒಳ್ಳೆಯ ಕೆಲಸ. ಆದರೆ ಆ ಟಿಪ್ಪಣಿಗಳನ್ನು ಓದಲು ಇಂಗ್ಲಿಷೂ ಬೇಕು, ಎಂಜಿನಿಯರಿಂಗ್ ಪದವಿಯೂ ಬೇಕು. ಫೋನಿನಲ್ಲೇ ಹಣ ಪಡೆಯುವ ಗಾಂಧಿಬಜಾರಿನ ಹೂವಿನಮ್ಮ ಏನು ಮಾಡಬೇಕು? ಕಂಪನಿಯೇ ತೇಪೆ ನಿಲ್ಲಿಸಿಬಿಟ್ಟ ಹಳೆಯ ಫೋನು ಅವರ ಕೈಯಲ್ಲಿದ್ದರೆ, ಅದನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ಯಾರು?

ನೀವೇ. ಬೇರೆ ಯಾರನ್ನು ಕಾಯುತ್ತೀರಿ? ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಜಗತ್ತಿನ ತಂತ್ರಾಂಶ ಪರೀಕ್ಷಿಸುವವರು ನೀವು. ನಾಳೆ ಕಚೇರಿಗೆ ಹೋದಾಗ ಪರೀಕ್ಷೆಯ ಪಟ್ಟಿಗೆ 'ಸ್ತ್ರೀ', 'ರಾಷ್ಟ್ರ', 'ಕರ್ತೃತ್ವ' ಸೇರಿಸಿ. ಪರದೆ ಒಡೆದರೆ ಮುಲಾಜಿಲ್ಲದೆ ದೂರು ದಾಖಲಿಸಿ. 'ಇದು ಲೋಕಲ್ ಭಾಷೆಯ ಸಮಸ್ಯೆ, ಆಮೇಲೆ ನೋಡೋಣ' ಎಂದು ಯಾವನಾದರೂ ಮೇಲಧಿಕಾರಿ ಅಂದರೆ ಜ್ಞಾ ಕಥೆ ಹೇಳಿ.

ಅದಕ್ಕೂ ಮೊದಲು, ಇವತ್ತು ರಾತ್ರಿ ಫೋನನ್ನು ಚಾರ್ಜಿಗೆ ಹಾಕುವಾಗ ಸೆಟ್ಟಿಂಗ್ಸ್ ತೆರೆದು ತಿಂಗಳಿಂದ ಕಾದು ಕೂತಿರುವ ಅಪ್‌ಡೇಟ್ ಒತ್ತಿ. ಪಕ್ಕದಲ್ಲೇ ಅಮ್ಮನ ಫೋನೂ ಇರುತ್ತದೆ, ಅದನ್ನೂ ಕೈಗೆತ್ತಿಕೊಳ್ಳಿ.